ನಾಲ್ಕೇ ಬೋಲ್ಟು!

ಕಾರು ಕೆಟ್ಟು ನಿಂತವರ ಕಷ್ಟ ನನಗೆ ಅರ್ಥವಾಗುತ್ತದೆ. ಚೆನ್ನಾಗಿ ಓಡುತ್ತಿರುವ ಕಾರನ್ನು ತಾವಾಗಿಯೇ ಜಾಕ್ ಮೇಲೆತ್ತಿ, ಹಿಂಭಾಗ ಪೂರ್ತಿ ಕಳಚಿ ಗುಡ್ಡೆ ಹಾಕುವವರಿಗೆ ಏನನ್ನಬೇಕೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಭಾವ ಅನ್ನುತ್ತೇವೆ.

ಭಾವನ ಎಸ್‌ಯುವಿಗೆ ಹಿಂದೆ ಇದ್ದದ್ದು ಇಂಡಿಪೆಂಡೆಂಟ್ ಸಸ್ಪೆನ್ಷನ್. ಎಂಜಿನ್ನಿನ ಶಕ್ತಿಯನ್ನು ಎರಡು ಚಕ್ರಕ್ಕೂ ಹಂಚುವ ಗೇರ್ ಡಬ್ಬಿ, ಅಂದರೆ ಡಿಫರೆನ್ಷಿಯಲ್, ಅಲುಗಾಡದೆ ಚಾಸಿಗೆ ಅಂಟಿಕೊಂಡಿರುತ್ತದೆ, ಅದರಿಂದ ಎರಡೂ ಚಕ್ರಕ್ಕೆ ಒಂದೊಂದು ಗಿಡ್ಡ ಶಾಫ್ಟ್. ಎಡಚಕ್ರ ಗುಂಡಿಗೆ ಬಿದ್ದರೂ ಬಲಚಕ್ರ ತನಗೇನೂ ಸಂಬಂಧವಿಲ್ಲ ಅಂತ ಹೋಗುತ್ತಿರುತ್ತದೆ. ಹಿಂದೆ ಕೂತವರ ಸೊಂಟಕ್ಕೆ ಬಹಳ ಒಳ್ಳೆಯದು. ಆದರೆ ಭಾವನಿಗಿದ್ದದ್ದು ಸೊಂಟದ ಚಿಂತೆಯಲ್ಲ, ಬಂಡೆಯ ಚಿಂತೆ. ಕಲ್ಲುದಾರಿ ಹತ್ತುವಾಗ ಒಂದು ಚಕ್ರ ಗಾಳಿಯಲ್ಲಿ ನಿಂತು ಸುಮ್ನೆ ತಿರುಗಿತಂತೆ. ಜೊತೆಗೆ ಶಾಫ್ಟ್ ತುದಿಯಲ್ಲಿ ಬಾಗುತ್ತಾ ತಿರುಗುವ ಸಿವಿ ಜಾಯಿಂಟ್ ಟಕ್ ಅಂತ ಮುರಿಯಿತಂತೆ. ಸರಿ, ಲಾರಿಗಿರುವಂಥ, ಎರಡೂ ಚಕ್ರವನ್ನು ಒಂದೇ ತೊಲೆಗೆ ಸಿಕ್ಕಿಸುವ ಗಟ್ಟಿ ಆಕ್ಸಲ್ ಹಾಕಿಸುವುದೆಂದು ತೀರ್ಮಾನವಾಯಿತು.

"ಒಂದು ಚಕ್ರ ಮೇಲೆದ್ರೆ ಇನ್ನೊಂದನ್ನ ನೆಲಕ್ಕೆ ಒತ್ತುತ್ತೆ ಕಣೋ. ಟೊಯೋಟಾದವರೇ ಸೆಕ್ವೋಯಾಕ್ಕೆ 2008ರ ಮಾಡೆಲಲ್ಲಿ ಇಂಡಿಪೆಂಡೆಂಟ್ ಹಾಕಿ, 2023ರಲ್ಲಿ ವಾಪಸ್ ಆಕ್ಸಲ್‌ಗೆ ಬಂದ್ರು."

"ಲ್ಯಾಂಡ್ ರೋವರ್‌ನೋರು 2020ರ ಡಿಫೆಂಡರ್‌ನಲ್ಲಿ ಆಕ್ಸಲ್ ತೆಗೆದು ಇಂಡಿಪೆಂಡೆಂಟ್ ಹಾಕಿದ್ರಲ್ಲ ಭಾವ?"

ಅಷ್ಟರಲ್ಲಿ ಭಾವ ಕಾರಿನ ಕೆಳಗೆ ತೂರಿಯಾಗಿತ್ತು. ಅಲ್ಲಿಗೆ ಹೋದವರಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ. "ನಾಲ್ಕೇ ಬೋಲ್ಟು. ನೀನು ಟಾರ್ಚ್ ಹಿಡಿ ಸಾಕು" ಅಂತ ದನಿ ಮಾತ್ರ ಬಂತು.

ನಾಲ್ಕೇ ಬೋಲ್ಟು ನಿಜ. ಆದರೆ ಆ ನಾಲ್ಕನ್ನು ಮುಟ್ಟಬೇಕಾದರೆ ಸೈಲೆನ್ಸರ್ ಪೈಪ್ ಬಿಚ್ಚಬೇಕು. ಪೈಪ್ ಬಿಚ್ಚಲು ಹೋದರೆ ಅದರ ಬೋಲ್ಟ್ ತುಕ್ಕು ಹಿಡಿದು ತಲೆ ಸವೆದಿರುತ್ತದೆ. ಅದಕ್ಕೆ ಗ್ರೈಂಡರ್ ಬೇಕು. ಗ್ರೈಂಡರ್ ಹಚ್ಚಿದರೆ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್! ಟ್ಯಾಂಕ್ ಇಳಿಸಿದ್ದಾಯಿತು. ಇಷ್ಟಾಗುವಾಗ ಟಾರ್ಚ್ ಹಿಡಿದವನು ಏನು ಮಾಡಿದರೂ ತಪ್ಪೇ. "ಅಲ್ಲಲ್ಲ, ಇಲ್ಲಿ!" ಎಂಬ ಕೂಗಿಗೆ ಎಡವೂ ಇಲ್ಲ, ಬಲವೂ ಇಲ್ಲ. ಬಾಯಿ ತೆರೆದರೆ ತುಕ್ಕು ಬೀಳುತ್ತದೆ, ಹಾಗಾಗಿ ತಿರುಗಿ ಮಾತಾಡುವಂತೆಯೂ ಇಲ್ಲ.

ಗುಜರಿಯಿಂದ ತಂದ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂತಾಗ ನನಗೆ ಒಂದು ಅನುಮಾನ. ಮುಂದಿನ ಚಕ್ರಗಳ ಗೇರ್ ರೇಷಿಯೋ 3.73, ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ 3.73 ಸುತ್ತು ತಿರುಗಬೇಕು. ಇದರದ್ದು? "ಅದೆಲ್ಲ ಒಂದೇ ಇರುತ್ತೆ" ಅಂದರು ಭಾವ. ಎಣಿಸಿ ನೋಡೋಣ ಅಂದೆ. ಒಂದು ಕಡೆಯ ಡ್ರಮ್ ಅಲ್ಲಾಡದಂತೆ ನಾನು ಹಿಡಿದೆ, ಇನ್ನೊಂದನ್ನು ಅವರು ಸರಿಯಾಗಿ ಎರಡು ಸುತ್ತು ತಿರುಗಿಸಿದರು (ಒಂದು ಕಡೆ ನಿಂತಿದ್ದರೆ ಇನ್ನೊಂದರ ಎರಡು ಸುತ್ತು ಲೆಕ್ಕಕ್ಕೆ ಒಂದೇ). ಶಾಫ್ಟ್ ಬಂದು ಕೂಡುವ ಪುಟ್ಟ ಗೇರು, ಅಂದರೆ ಪಿನಿಯನ್, ಅದರ ಮೇಲೆ ಸೀಮೆಸುಣ್ಣದ ಗೀಟು. ಒಂದು, ಎರಡು, ಮೂರು... ಮುಕ್ಕಾಲಿಗೆ ನಿಲ್ಲಬೇಕಾದ ಗೀಟು ನಾಲ್ಕನ್ನೂ ದಾಟಿ ಚೂರು ಮುಂದೆ ಹೋಗಿ ನಿಂತಿತು. 4.10! ಇದನ್ನೇ ಹಾಕಿ ಫೋರ್ ವೀಲ್ ಡ್ರೈವ್ ಒತ್ತಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ. ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ನಡುವಿನ ಟ್ರಾನ್ಸ್‌ಫರ್ ಕೇಸ್ ಜಗಳ ಬಿಡಿಸಲು ಹೋಗಿ ಪ್ರಾಣ ಬಿಡುತ್ತಿತ್ತು. ಭಾವ ಸ್ವಲ್ಪ ಹೊತ್ತು ಗೀಟನ್ನೇ ನೋಡಿದರು. ಆಮೇಲೆ ಸೀಮೆಸುಣ್ಣ ಸರಿ ಇಲ್ಲ ಅಂದರು.

3.73ರ ಬೇರೆ ಗೇರ್ ಜೋಡಿ, ಕ್ರೌನ್ ಪಿನಿಯನ್, ಬಂತು. ಲೀಫ್ ಸ್ಪ್ರಿಂಗ್ ಕೂರಿಸಲು ಚಾಸಿಗೆ ಹೊಸ ಬ್ರಾಕೆಟ್ ಬಂದವು. ಇಡೀ ಆಕ್ಸಲ್ ಈಗ ಮೇಲೆ ಕೆಳಗೆ ಆಡುವುದರಿಂದ ಬ್ರೇಕ್ ಹೋಸ್ ಉದ್ದ ಸಾಲಲಿಲ್ಲ, ಹ್ಯಾಂಡ್‌ಬ್ರೇಕ್ ಕೇಬಲ್ಲೂ ಸಾಲಲಿಲ್ಲ. ಮುಂದಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್‌ನದ್ದು ಮಾತ್ರ ಉಲ್ಟಾ, ಉದ್ದ ಜಾಸ್ತಿಯಾಯಿತು. ವೆಲ್ಡಿಂಗ್ ಮೇಸ್ತ್ರಿ ಒಬ್ಬರೇ ಬುದ್ಧಿವಂತರು. ಎಲ್ಲವನ್ನೂ ಮೊದಲು ಚುಕ್ಕೆ ವೆಲ್ಡ್ ಮಾಡಿ, ಕಾರಿನ ಭಾರ ಇಳಿಸಿ, ಪಿನಿಯನ್ ಕೋನ ನೋಡಿ, ಆಮೇಲೆ ಪೂರ್ತಿ ಬೆಸೆದರು. "ನಿಮ್ಮಂಥೋರು ಇನ್ನೂ ಎಷ್ಟು ಜನ ಇದ್ದೀರಾ ಸಾರ್?" ಅಂತ ಕೇಳಿದ್ದು ಚಿಂತೆಯಿಂದಲೋ ವ್ಯಾಪಾರದ ಆಸೆಯಿಂದಲೋ ತಿಳಿಯಲಿಲ್ಲ.

ಸ್ಟೆಪ್ನಿಗೆ ಕೆಳಗೆ ಜಾಗ ಉಳಿಯಲಿಲ್ಲ. ಅದು ಡಿಕ್ಕಿಗೆ ಬಂತು. ಡಿಕ್ಕಿಯಲ್ಲಿದ್ದ ಬ್ಯಾಗು ಅಕ್ಕನ ತೊಡೆಗೆ ಬಂತು.

ಹೌದು, ಮೊದಲ ಸವಾರಿಗೆ ಅಕ್ಕನೂ ಬಂದಿದ್ದಳು, ಹಿಂದಿನ ಸೀಟಿನಲ್ಲಿ. ಡ್ಯಾಶ್‌ಬೋರ್ಡಲ್ಲಿ ಎಬಿಎಸ್ ದೀಪ ಉರಿಯುತ್ತಿತ್ತು. ಹಿಂದಿನ ಚಕ್ರಗಳ ವೇಗ ನೋಡಿ ಅದಕ್ಕೆ ತಿಳಿಸುವ ಹಳೆಯ ಸೆನ್ಸರ್ ಎರಡೂ ಮನೆಯಲ್ಲಿ ಡಬ್ಬಿಯೊಳಗಿದ್ದವಲ್ಲ! ಕಲ್ಲುದಾರಿಯಲ್ಲಿ ಕಾರು ನಿಜಕ್ಕೂ ಚೆನ್ನಾಗಿ ಹತ್ತಿತು, ಅದನ್ನು ಒಪ್ಪಲೇಬೇಕು. ಚಕ್ರ ನಾಲ್ಕೂ ನೆಲ ಬಿಡಲಿಲ್ಲ. ವಾಪಸ್ ಬರುವಾಗ ಡಾಂಬರು ರಸ್ತೆಯಲ್ಲಿ ಒಂದೇ ಒಂದು ಹಂಪ್ ಸಿಕ್ಕಿತು. ಭಾರದ ಆಕ್ಸಲ್ ಧಡ್ ಅಂತ ಮೇಲೆ ಬಂತು. ಅಕ್ಕ, ಬ್ಯಾಗು, ಸ್ಟೆಪ್ನಿ, ಮೂರೂ ಒಟ್ಟಿಗೆ ಎದ್ದು ಒಟ್ಟಿಗೆ ಕೂತವು.

"ಹೇಗಿದೆ?" ಅಂದರು ಭಾವ, ಕನ್ನಡಿಯಲ್ಲಿ ನೋಡುತ್ತಾ.

"ಗಾಡಿ ನಿಲ್ಸಿ" ಅಂದಳು ಅಕ್ಕ.

ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದು ನಿಂತಳು. ಅವತ್ತಿನಿಂದ ಹಿಂದಿನ ಸೀಟು ನನ್ನದು, ಬ್ಯಾಗು ಕೂಡ.