ದಂಡ ನಿಮ್ಮದು, ಸಾಫ್ಟ್‌ವೇರ್ ನಮ್ಮದು

ಆ ಫೋಟೊ ನಿಮಗೂ ಗೊತ್ತು. ವರ್ಷಕ್ಕೆ ಒಂದೆರಡು ಸಲವಾದರೂ ಪೇಪರ್‌ನಲ್ಲಿ ಬರುತ್ತದೆ. ಇಳಿಸಿದ ಶಟರ್, ಅದಕ್ಕೊಂದು ದೊಡ್ಡ ಬೀಗ, ಬೀಗಕ್ಕೆ ಸುತ್ತಿದ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಅರಗಿನ ಮುದ್ರೆ. ಸುತ್ತ ನಿಂತ ಕಂದಾಯ ಸಿಬ್ಬಂದಿಯಲ್ಲಿ ಒಬ್ಬರು ಬೀಗಕ್ಕೆ ಕೈ ಹಚ್ಚಿಕೊಂಡು ಕ್ಯಾಮೆರಾ ನೋಡುತ್ತಿರುತ್ತಾರೆ. ಕೆಳಗೆ ಒಂದು ಸಾಲು: ಆಸ್ತಿ ತೆರಿಗೆ ಬಾಕಿ, ಪಾಲಿಕೆ ಕಠಿಣ ಕ್ರಮ.

ಮಲ್ಲೇಶ್ವರದ ಮಂತ್ರಿ ಮಾಲ್ ಅಂತೂ ಈ ಫೋಟೊಗೆ ಖಾಯಂ ಲೊಕೇಶನ್. 2021ರಲ್ಲಿ ಬೀಗ ಬಿತ್ತು, ದುಡ್ಡು ಬಂತು, ಬೀಗ ತೆಗೆದರು. ಅದೇ ವರ್ಷ ಮತ್ತೆ ಬಿತ್ತು. 2023ರ ಕೊನೆಗೆ ಇನ್ನೊಂದು ಸಲ. 2024ರಲ್ಲಿ ದಾಸರಹಳ್ಳಿ ಕಡೆಯ ರಾಕ್‌ಲೈನ್ ಮಾಲ್ ಸರದಿ, ಅಲ್ಲಿ ಬಾಕಿ 11 ಕೋಟಿ ದಾಟಿತ್ತು. ಮಾಲ್‌ನವರ ಪರ ವಾದ ಮಾಡುವ ಆಸೆ ನನಗಿಲ್ಲ. ಅವರಿಗೆ ವಕೀಲರಿದ್ದಾರೆ, ಹೈಕೋರ್ಟ್ ಇದೆ, ಫುಡ್‌ಕೋರ್ಟೂ ಇದೆ.

ನನ್ನ ತಲೆಬಿಸಿ ಮೂಲೆ ಬೇಕರಿಯವರದ್ದು. ನಾನೂರು ಚದರಡಿ ಜಾಗ, ಎದುರಿಗೆ ಖಾರಾ ಬನ್ ಇಟ್ಟ ಗಾಜಿನ ಕಪಾಟು, ಹಿಂದೆ ಓವನ್, ಮೇಲೆ ದೇವರ ಫೋಟೊಗೊಂದು ಸೀರಿಯಲ್ ಲೈಟು. ಇಂಥ ಅಂಗಡಿಯ ಕಟ್ಟಡಕ್ಕೆ ತಪ್ಪು ಲೆಕ್ಕದ ತೆರಿಗೆ ಬಿದ್ದರೆ ಏನು ಮಾಡಬೇಕು? ಮೇಲ್ಮನವಿ ಹೇಗೆ ಹಾಕಬೇಕು? ಜನರಿಗೆ ಗೊತ್ತಿಲ್ಲ ಪಾಪ. ಸುಮ್ನೆ ಕೂತಿದ್ದೀನಲ್ಲ, ನಾನೇ ಮಾರ್ಗದರ್ಶನ ಮಾಡೋಣ ಅಂತ ಹೊರಟಿದ್ದೇನೆ.

ಮೊದಲು ನಮ್ಮ ಪದ್ಧತಿಯನ್ನು ಹೊಗಳಬೇಕು. ಬೆಂಗಳೂರಿನಲ್ಲಿ ನಿಮ್ಮ ಕಟ್ಟಡಕ್ಕೆ ಬೆಲೆ ಕಟ್ಟುವವರು ಅಧಿಕಾರಿಗಳಲ್ಲ, ನೀವೇ. 2000ನೇ ಇಸವಿಯಿಂದಲೇ ಸ್ವಯಂ ಘೋಷಣೆ ಇದೆ. 2008ರಿಂದ ಯೂನಿಟ್ ಏರಿಯಾ ಲೆಕ್ಕ ಬಂತು. ನಗರವನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯ ಮಾಡಿದರು. ನಿಮ್ಮ ಬೀದಿಯ ಮಾರ್ಗಸೂಚಿ ಬೆಲೆ (ನೋಂದಣಿಗೆ ಅಂತ ಸರ್ಕಾರ ಕಟ್ಟಿದ ಬೆಲೆ) ನೋಡಿ ವಲಯ, ವಲಯ ನೋಡಿ ಚದರಡಿಗೆ ಇಷ್ಟು ಅಂತ ದರ. ನೀವು ನಿಮ್ಮ ಅಳತೆ, ನಿಮ್ಮ ವಲಯ, ನಿಮ್ಮ ಕಟ್ಟಡದ ವಯಸ್ಸು ಎಲ್ಲ ತುಂಬಿ ದುಡ್ಡು ಕಟ್ಟಬೇಕು. ಎಂಥ ನಂಬಿಕೆ ನೋಡಿ! ಪ್ರಜೆಯ ಮಾತೇ ಪ್ರಮಾಣ.

ಏನೂ ಬದಲಾಗಿಲ್ಲದಿದ್ದರೆ ಬಿಳಿ ಬಣ್ಣದ ನಮೂನೆ 4. ಮೇಲೊಂದು ಮಹಡಿ ಕಟ್ಟಿದ್ದರೆ, ಮನೆಯನ್ನು ಅಂಗಡಿ ಮಾಡಿದ್ದರೆ ನೀಲಿ ಬಣ್ಣದ ನಮೂನೆ 5. ನಮೂನೆ 5 ತುಂಬುವವರ ಸಂಖ್ಯೆ ಎಷ್ಟಿರಬಹುದು ಅಂತ ಬೆಂಗಳೂರಿನ ಯಾವುದೇ ಬೀದಿಯಲ್ಲಿ ತಲೆ ಎತ್ತಿ ನೋಡಿದರೆ ಊಹಿಸಬಹುದು. ಅದು ಬಿಡಿ.

ಬೇಕರಿಯ ಲೆಕ್ಕವನ್ನೇ ಒಂದು ಸಲ ಮಾಡೋಣ. ಸುಲಭವಾಗಲಿ ಅಂತ ದರ ಚದರಡಿಗೆ 10 ರೂಪಾಯಿ ಅಂತಿಟ್ಟುಕೊಳ್ಳಿ. 400 ಚದರಡಿ ಗುಣಿಸು 10, ತಿಂಗಳಿಗೆ 4,000. ವರ್ಷಕ್ಕೆ 12 ತಿಂಗಳು ಅಂದುಕೊಂಡಿರಾ? ವಾಣಿಜ್ಯ ಕಟ್ಟಡಕ್ಕೆ ಪಾಲಿಕೆ ಹಿಡಿಯುವುದು 10 ತಿಂಗಳು. ಎರಡು ತಿಂಗಳು ಉದಾರವಾಗಿ ಬಿಟ್ಟಿದ್ದಾರೆ. ಆಯ್ತು, 40,000. ಕಟ್ಟಡ ಹಳೆಯದಾಗಿದೆ ಅಂತ ಸವಕಳಿ ಶೇ 10 ಕಳೆದರೆ 36,000. ಅದರ ಶೇ 25 ತೆರಿಗೆ, 9,000. ಅದರ ಮೇಲೆ ಶೇ 24 ಸೆಸ್, 2,160. ಒಟ್ಟು 11,160 ರೂಪಾಯಿ. ಅಂಗಡಿ ಬಾಡಿಗೆಗೆ ಕೊಟ್ಟಿದ್ದರೆ ಒಂದು ದರ, ಯಜಮಾನರೇ ಕೂತು ವ್ಯಾಪಾರ ಮಾಡಿದರೆ ಅದರ ಅರ್ಧ. ಕಟ್ಟಡಕ್ಕೆಲ್ಲ ಸೇರಿ ಕೇಂದ್ರೀಕೃತ ಎಸಿ ಇದ್ದರೆ ಅದೇ ಬೇರೆ ಜಾತಿ.

ಈ ಶೇ 24 ಸೆಸ್ ವಿಚಾರದಲ್ಲಿ ಒಂದು ನಿಮಿಷ ನಿಲ್ಲಬೇಕು. ಅದರಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ತೆರಿಗೆ ಕಟ್ಟಿ ಕಟ್ಟಿ ನಾವೇ ಆ ಮೂರನೆಯದಕ್ಕೆ ಅರ್ಹರಾದೆವು ಎಂಬ ಜೋಕನ್ನು ಈಗಾಗಲೇ ಎಲ್ಲರೂ ಮಾಡಿದ್ದಾರೆ, ನಾನು ಮಾಡಲ್ಲ. ನನ್ನ ಕಣ್ಣಿರುವುದು ಆ ಗ್ರಂಥಾಲಯದ ಆರರ ಮೇಲೆ. ನಮ್ಮ ಬೇಕರಿಯಿಂದ 540 ರೂಪಾಯಿ ಪುಸ್ತಕಕ್ಕೆ ಅಂತ ಹೋಯಿತು. ಬೇಕರಿಯವರು ಆ ಕಡೆ ತಲೆ ಹಾಕಿದವರಲ್ಲ, ಆದರೂ ಕೊಟ್ಟರು. ಪಾಲಿಕೆ ಆ ದುಡ್ಡನ್ನು ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ ಕೊಡಬೇಕು. ಕೊಡದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡಿದೆ ಎಂಬ ಸುದ್ದಿ ಎಷ್ಟು ವರ್ಷದಿಂದ ಓದುತ್ತಿದ್ದೇವೆ ಹೇಳಿ? ಗಿರಾಕಿಯಿಂದ ಜಿಎಸ್‌ಟಿ ಹಿಡಿದು ಸರ್ಕಾರಕ್ಕೆ ಕಟ್ಟದ ಅಂಗಡಿಯವನಿಗೆ ಏನಾಗುತ್ತದೆ ಅಂತ ಗೊತ್ತಲ್ಲ. ತೆರಿಗೆ ಬಾಕಿದಾರರ ಅಂಗಡಿ ಮುಂದೆ ತಮಟೆ ಹೊಡೆಸಿ ಮಾನ ಕಳೆದ ಪಾಲಿಕೆ ಇದು. ಗ್ರಂಥಾಲಯದವರೂ ಒಂದು ದಿನ ಪಾಲಿಕೆ ಕಚೇರಿ ಇರುವ ಹಡ್ಸನ್ ವೃತ್ತಕ್ಕೆ ಬಂದು ತಮಟೆ ಹೊಡೆಯಬಹುದಿತ್ತು. ಆದರೆ ಅವರ ಗೋಡೆ ಮೇಲೆ ‘ನಿಶ್ಶಬ್ದವಾಗಿರಿ’ ಅಂತ ಬೋರ್ಡ್ ಇದೆ.

ಇರಲಿ, ಮೇಲ್ಮನವಿಗೆ ಬರೋಣ. ನೋಟಿಸ್ ಬಾರದೆ ಮೇಲ್ಮನವಿ ಇಲ್ಲ. ನೋಟಿಸ್ ಬರುವ ಬಗೆಯೇ ಈ ಪದ್ಧತಿಯ ಸೊಗಸು.

2016ರಲ್ಲಿ ವಲಯಗಳನ್ನು ಬದಲಾಯಿಸಿದರು. ಮಾರ್ಗಸೂಚಿ ಬೆಲೆ ಏರಿದ್ದರಿಂದ ಎಷ್ಟೋ ಬೀದಿಗಳಿಗೆ ಪ್ರಮೋಷನ್ ಸಿಕ್ಕಿತು. ಬೀದಿಯವರಿಗೆ ಗೊತ್ತಾಗಲಿಲ್ಲ. ಆನ್‌ಲೈನ್‌ನಲ್ಲಿ ಹಳೆಯ ವಲಯವನ್ನೇ ಹಾಕಿ ಕಟ್ಟಿದರು. ಸಾಫ್ಟ್‌ವೇರ್ ಬೇಡ ಅನ್ನಲಿಲ್ಲ. ದುಡ್ಡು ತಗೊಂಡಿತು, ರಸೀದಿ ಕೊಟ್ಟಿತು, ಮರುವರ್ಷವೂ ಹಾಗೇ ಮಾಡಿತು. ನಾಲ್ಕೈದು ವರ್ಷ ಕಳೆದ ಮೇಲೆ ಸುಮಾರು 78 ಸಾವಿರ ಮಾಲೀಕರಿಗೆ ನೋಟಿಸ್ ಹೋಯಿತು: ನೀವು ವಲಯ ತಪ್ಪು ಘೋಷಿಸಿದ್ದೀರಿ. ವ್ಯತ್ಯಾಸದ ಹಣ ಕಟ್ಟಿ, ಅದರ ಎರಡರಷ್ಟು ದಂಡ ಕಟ್ಟಿ, ತಿಂಗಳಿಗೆ ಶೇ 2 ಬಡ್ಡಿಯನ್ನೂ ಕಟ್ಟಿ.

ಆಗ ಕೌಂಟರ್‌ಗಳಲ್ಲಿ ನಡೆದಿರಬಹುದಾದ ಸಂಭಾಷಣೆ ಇದು:

“ಸಾರ್, ಡಿ ವಲಯ ಅಂತ ಹಾಕಿದ್ರೆ ಕಂಪ್ಯೂಟರ್ ತಗೊಳ್ತು.”

“ಕಂಪ್ಯೂಟರ್ ತಗೊಳ್ತು ಅಂತ ನೀವು ಹಾಕಿಬಿಡೋದಾ ಯಜಮಾನ್ರೇ?”

“ಅದು ನಿಮ್ಮ ಕಂಪ್ಯೂಟರ್ ಸಾರ್.”

“ಘೋಷಣೆ ನಿಮ್ಮದಲ್ವಾ?”

ಇದಕ್ಕೆ ಉತ್ತರ ಎಲ್ಲಿದೆ? ಜಗ್ಗಿದರೆ ಜಗ್ಗದ ತರ್ಕ. ಕೊನೆಗೆ ಗಲಾಟೆ ಜಾಸ್ತಿಯಾಗಿ, 2021ರಲ್ಲಿ ಸರ್ಕಾರವೇ ದಂಡ, ಬಡ್ಡಿ ಬೇಡ, ವ್ಯತ್ಯಾಸ ಮಾತ್ರ ಕಟ್ಟಿ ಅಂದಿತು. 78 ಸಾವಿರ ಜನ ಒಟ್ಟಿಗೆ ಸಿಕ್ಕಿಬಿದ್ದಿದ್ದಕ್ಕೆ ಬಚಾವಾದರು. ಒಬ್ಬರೇ ಸಿಕ್ಕಿಬಿದ್ದಿದ್ದರೆ? ಹಾಗಾಗಿ ನನ್ನ ಮೊದಲ ಸಲಹೆ: ತಪ್ಪು ಮಾಡುವಾಗ ಆದಷ್ಟು ಜನರ ಜೊತೆ ಸೇರಿ ಮಾಡಿ.

ಇನ್ನು ಸಿಕ್ಕಿಬೀಳಿಸುವ ದಾರಿಗಳು ಒಂದೆರಡಲ್ಲ. ಉಪಗ್ರಹದ ಚಿತ್ರ ನೋಡುತ್ತಾರೆ. ಬೆಸ್ಕಾಂ ಮೀಟರ್ ಲೆಕ್ಕ ತರಿಸಿ, ಮನೆ ಅಂತ ತೆರಿಗೆ ಕಟ್ಟಿ ಕಮರ್ಷಿಯಲ್ ಕರೆಂಟು ಉರಿಸುವವರನ್ನು ಹಿಡಿಯುತ್ತಾರೆ. ತಪ್ಪೇನಿಲ್ಲ, ಕದ್ದವರನ್ನು ಹಿಡಿಯಲಿ. 2025ರ ಜುಲೈಯಲ್ಲಿ ಇನ್ನೊಂದು ಇಲಾಖೆ ಯುಪಿಐ ಲೆಕ್ಕ ತೆಗೆದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದು ನೆನಪಿದೆಯಲ್ಲ? ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿ ಎಲ್ಲ ಕಡೆ ರಾತ್ರೋರಾತ್ರಿ ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದರು. ಡಿಜಿಟಲ್ ರಾಜಧಾನಿ ಒಂದೇ ವಾರದಲ್ಲಿ ಚಿಲ್ಲರೆ ಹುಡುಕುವ ಹಾಗಾಯಿತು. ಇಲಾಖೆಗಳ ನಡುವೆ ಸಮನ್ವಯ ಇಲ್ಲ ಅನ್ನುವವರು ಇದನ್ನೆಲ್ಲ ಗಮನಿಸಬೇಕು. ವಸೂಲಿ ಅಂದರೆ ಬೆಸ್ಕಾಂ ಮೀಟರ್ ಪಾಲಿಕೆಗೆ ಗೊತ್ತಾಗುತ್ತದೆ. ಅದೇ, ಬೆಸ್ಕಾಂನವರು ನಾಳೆ ಯಾವ ರಸ್ತೆ ಅಗೆಯುತ್ತಾರೆ ಅಂತ ಮಾತ್ರ ಪಾಲಿಕೆಗೆ ಗೊತ್ತಿರುವುದಿಲ್ಲ. ಮೊನ್ನೆ ಟಾರ್ ಹಾಕಿದವರು ಯಾರು ಅಂತ ಜಲಮಂಡಳಿಗೂ ಗೊತ್ತಿರುವುದಿಲ್ಲ.

ರಸ್ತೆ ಅಂದಾಗ ನೆನಪಾಯಿತು. ಈ ಮಾರ್ಗಸೂಚಿ ಬೆಲೆ ಯಾಕೆ ಏರುತ್ತದೆ? ಮೆಟ್ರೊ ಬರುತ್ತದೆ ಅಂತ ಏರುತ್ತದೆ. ಮೆಟ್ರೊ ಬರುವ ಮುಂಚೆ ಬ್ಯಾರಿಕೇಡ್ ಬರುತ್ತದೆ. ಕಮರ್ಷಿಯಲ್ ಸ್ಟ್ರೀಟ್ ಪಕ್ಕದ ಕಾಮರಾಜ ರಸ್ತೆಯನ್ನು 2019ರಲ್ಲಿ ಮೆಟ್ರೊ ಕೆಲಸಕ್ಕೆ ಅಂತ ಮುಚ್ಚಿದರು. ಅರ್ಧ ತೆರೆಯಲಿಕ್ಕೇ ವರ್ಷಗಳು ಹಿಡಿದವು. ತಗಡಿನ ಗೋಡೆ ಹಿಂದೆ ಅಂಗಡಿ ಇಟ್ಟುಕೊಂಡವರ ಹತ್ತಿರ ಗಿರಾಕಿ ಹೇಗೆ ಬರಬೇಕು? ನಡುವೆ ಕೋವಿಡ್ ಬೇರೆ. ಬಾಡಿಗೆದಾರ ಖಾಲಿ ಮಾಡುತ್ತಾನೆ, ಯಜಮಾನ ಬೋರ್ಡ್ ಇಳಿಸುತ್ತಾನೆ. ಆದರೆ ನಮ್ಮ ಸೂತ್ರಕ್ಕೆ ಇದ್ಯಾವುದೂ ಸಂಬಂಧವಿಲ್ಲ. ನಿಜವಾಗಿ ಬಾಡಿಗೆ ಎಷ್ಟು ಬಂತು ಅಂತ ಅದು ಕೇಳುವುದೇ ಇಲ್ಲ. ಚದರಡಿ ಅದೇ, ವಲಯ ಅದೇ, ಹತ್ತು ತಿಂಗಳೂ ಅದೇ. ನಮೂನೆಯಲ್ಲಿ ಪಾರ್ಕಿಂಗ್ ಜಾಗಕ್ಕೆ ಕಾಲಂ ಇದೆ. ಅಂಗಡಿ ಮುಂದೆ ತಗಡು ಬಡಿದಿದ್ದಾರೆ ಅಂತ ಬರೆಯಲು ಇಲ್ಲ.

ಇದನ್ನು ತಮಾಷೆ ಮಾಡೋಕೆ ಹೊರಟೆ, ಆಗುತ್ತಿಲ್ಲ. ನಿಮ್ಮದೇ ಕಾಮಗಾರಿಯಿಂದ ಒಬ್ಬನ ವ್ಯಾಪಾರ ಮುಳುಗಿಸಿ, ಅದೇ ಕಾಮಗಾರಿಯಿಂದ ಅವನ ಆಸ್ತಿಗೆ ಬೆಲೆ ಬಂತು ಅಂತ ಜಾಸ್ತಿ ಕೇಳುವುದಕ್ಕೆ ಸ್ವಲ್ಪವಾದರೂ ನಾಚಿಕೆ ಬೇಡವೇ? ಕದಿಯುವವನು ನಮೂನೆ 5ರ ಕಡೆ ನೋಡದೆ ಮೂರು ಮಹಡಿ ಏರಿಸಿ ಆರಾಮಾಗಿದ್ದಾನೆ. ವರ್ಷವರ್ಷ ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿಗೆ ಅಂತ ಓಡಿಬಂದು ಕಟ್ಟುವವನೇ ದಾಖಲೆಯಲ್ಲಿ ಇರುವುದು, ಅವನಿಗೇ ನೋಟಿಸ್ ಹೋಗುವುದು. ದಾಖಲೆಯಲ್ಲೇ ಇಲ್ಲದವನಿಗೆ ಯಾವ ವಿಳಾಸಕ್ಕೆ ಕಳಿಸುತ್ತಾರೆ?

ಸರಿ, ವಿಧಾನ. ನೋಟಿಸ್ ಕೈಗೆ ಬಂದ ಮೇಲೆ ಹಳೆಯ ಕೆಎಂಸಿ (ಕರ್ನಾಟಕ ನಗರಪಾಲಿಕೆಗಳ) ಕಾಯ್ದೆ ಪ್ರಕಾರ ಆಕ್ಷೇಪಣೆ ಸಲ್ಲಿಸಲು 30 ದಿನ ಇತ್ತು. ಯಾರಿಗೆ? ಆಯುಕ್ತರಿಗೆ. ನೋಟಿಸ್ ಯಾರ ಕಡೆಯಿಂದ ಬಂದಿತ್ತು? ಅದೂ ಅದೇ ಕಚೇರಿಯಿಂದ. ಆದ್ದರಿಂದ ಪಾಲಿಕೆಗೆ ಪಾಲಿಕೆಯ ಮೇಲೆ ದೂರು ಕೊಡುತ್ತಿದ್ದೀರಿ. ವಿಷಯ ಅವರಿಗೆ ಚೆನ್ನಾಗಿ ಗೊತ್ತಿರುವುದರಿಂದ ವಿವರಿಸುವ ಕಷ್ಟ ಇಲ್ಲ.

‘ತೆರಿಗೆ ಜಾಸ್ತಿಯಾಯಿತು, ದಯಮಾಡಿ ಕಡಿಮೆ ಮಾಡಿ’ ಅಂತ ಬರೆಯಬೇಡಿ. ಅಂಥ ಅರ್ಜಿಗಳು ಕಡತದಲ್ಲಿ ತಣ್ಣಗೆ ಮಲಗುತ್ತವೆ. ಸೂತ್ರದಲ್ಲಿ ಯಾವ ಸಂಖ್ಯೆ ತಪ್ಪು ಅಂತ ಹಿಡಿದು ಬರೆಯಿರಿ. ಅಳತೆ ತಪ್ಪೇ? ಟೇಪ್ ಹಿಡಿದು ಅಳೆದು ನಕ್ಷೆ ಹಚ್ಚಿ. ವಲಯ ತಪ್ಪೇ? ನಿಮ್ಮ ಬೀದಿಯ ಹೆಸರು ಯಾವ ವಲಯದ ಪಟ್ಟಿಯಲ್ಲಿದೆ ಅಂತ ಅಧಿಸೂಚನೆಯ ಪುಟವನ್ನೇ ಲಗತ್ತಿಸಿ. ಒಂದೇ ರಸ್ತೆಯ ಎಡಬದಿ ಒಂದು ವಲಯ, ಬಲಬದಿ ಇನ್ನೊಂದು ಇರಬಹುದು, ಗಾಬರಿ ಬೇಡ. ಸ್ವಂತ ಅಂಗಡಿಯನ್ನು ಬಾಡಿಗೆಯದು ಅಂತ ಹಿಡಿದಿದ್ದಾರೆಯೇ? ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ಎರಡೂ ನಿಮ್ಮ ಹೆಸರಿನಲ್ಲಿರಲಿ. ಗೋಡೆಗೊಂದು ಹಳೇ ಎಸಿ ನೇತುಹಾಕಿದ್ದಕ್ಕೆ ಕೇಂದ್ರೀಕೃತ ಎಸಿ ದರ ಹಾಕಿದ್ದಾರೆಯೇ? ಫೋಟೊ ತೆಗೆಯಿರಿ, ನೀರು ಸೋರುವ ಬಕೆಟ್ಟೂ ಫೋಟೊದಲ್ಲಿ ಬರಲಿ.

ಆರ್‌ಐ (ಕಂದಾಯ ನಿರೀಕ್ಷಕರು) ಅಳತೆಗೆ ಬರುತ್ತೇನೆ ಅಂದರೆ ಆ ದಿನ ಅಂಗಡಿ ಬಿಟ್ಟು ಎಲ್ಲೂ ಹೋಗಬೇಡಿ. ಅವರು ಬರುವುದಿಲ್ಲ. ಆದರೆ ನೀವು ಹೊರಗೆ ಹೋದ ಹತ್ತು ನಿಮಿಷದಲ್ಲಿ ಬಂದು ‘ಮಾಲೀಕರು ಸ್ಥಳದಲ್ಲಿ ಇರಲಿಲ್ಲ’ ಅಂತ ಷರಾ ಬರೆದು ಹೋಗುತ್ತಾರೆ. ಅವರ ಮೇಲಿನ ಎಆರ್‌ಓ (ಸಹಾಯಕ ಕಂದಾಯ ಅಧಿಕಾರಿ) ಸಾಹೇಬರನ್ನು ಕಾಣಬೇಕಾದರೆ ಬೆಳಿಗ್ಗೆ ಮೀಟಿಂಗ್, ಮಧ್ಯಾಹ್ನ ಊಟ, ಸಂಜೆ ಸ್ಥಳ ಪರಿಶೀಲನೆ. ಅವರೆಲ್ಲರಿಗೂ ಚುನಾವಣೆ ಕೆಲಸ, ಗಣತಿ ಕೆಲಸವೂ ಇರುತ್ತದೆ. ಅದು ಸುಳ್ಳಲ್ಲ, ಅವರ ಪಾಡೂ ಕಷ್ಟದ್ದೇ.

ಈಗ ಹೊಸ ತೊಡಕು. 2025ರ ಸೆಪ್ಟೆಂಬರ್‌ನಿಂದ, ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಕೆಳಗೆ ಐದು ಪಾಲಿಕೆ ಹುಟ್ಟಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಆಡಳಿತ ಜನರ ಹತ್ತಿರ ಬರಲಿ ಅಂತ ಮಾಡಿದ್ದು. ಒಬ್ಬ ಆಯುಕ್ತರನ್ನೇ ಕಾಣಲಾಗುತ್ತಿರಲಿಲ್ಲ, ಈಗ ಐವರನ್ನು ಕಾಣದೇ ಇರಬಹುದು. ಬಿಬಿಎಂಪಿ ಇದ್ದಾಗ ಕೊಟ್ಟ ಆಕ್ಷೇಪಣೆಯ ಕಡತ ಯಾವ ಪಾಲಿಕೆಯ ಬೀರುಗೆ ಹೋಗಿದೆ ಅಂತ ಕೇಳಿಕೊಂಡು ಅಲೆಯುವ ಕೆಲಸ ಮಾತ್ರ ಬೇಕರಿಯವರ ಪಾಲಿಗೆ. ಬಾಕಿ ಲೆಕ್ಕ ಕಳೆದುಹೋಗುವುದಿಲ್ಲ, ಅದನ್ನು ಭದ್ರವಾಗಿ ಹಂಚಿಕೊಳ್ಳುತ್ತಾರೆ.

ದಂಡದ ವಿಚಾರದಲ್ಲಿ ಸ್ವಲ್ಪ ಸಮಾಧಾನ ಇದೆ. 2024ರಲ್ಲಿ ಕಾಯ್ದೆ ತಿದ್ದಿ ದುಪ್ಪಟ್ಟು ದಂಡವನ್ನು ಅರ್ಧ ಮಾಡಿದರು. ಒಂದೇ ಸಲ ತೀರಿಸುವವರಿಗೆ ರಿಯಾಯಿತಿಯನ್ನೂ ಕೊಟ್ಟರು, ಅದು ಆ ನವೆಂಬರ್‌ಗೆ ಮುಗಿಯಿತು. ಸುಮ್ಮನೆ ಕಟ್ಟದೆ ಕೂತವರಿಗೆ ಅದರಲ್ಲಿ ಲಾಭವಾಯಿತು. ಗಡುವಿಗೇ ಕಟ್ಟಿದವರಿಗೆ ಏನು ಸಿಕ್ಕಿತು? ಎಸ್‌ಎಂಎಸ್.

ಆಕ್ಷೇಪಣೆ ಇದ್ದರೂ ತೆರಿಗೆ ಕಟ್ಟಿಬಿಡಿ, ಬಡ್ಡಿ ಓಡುತ್ತಿರುತ್ತದೆ. ಕಟ್ಟುವಾಗ ‘ನಮ್ಮ ಆಕ್ಷೇಪಣೆಯನ್ನು ಕಾಯ್ದಿರಿಸಿ ಕಟ್ಟುತ್ತಿದ್ದೇವೆ’ ಅಂತ ಒಂದು ಪತ್ರ ಬರೆದು, ಎರಡು ಪ್ರತಿ ಮಾಡಿ, ಟಪಾಲು ವಿಭಾಗಕ್ಕೆ ಕೊಡಿ. ಎರಡನೆಯ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಮೂರೂ ಬೀಳುವವರೆಗೆ ಆ ಕಿಟಕಿ ಬಿಟ್ಟು ಕದಲಬೇಡಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂತಾರೆ. ಇಟ್ಟು ಹೋಗಬೇಡಿ. ಇಂಕ್ ಪ್ಯಾಡ್ ಒಣಗಿದೆ ಅಂದರೆ ಜೇಬಿನಿಂದ ನಿಮ್ಮದನ್ನೇ ತೆಗೆದುಕೊಡಿ.