ಹೊಟ್ಟೆಯೊಳಗೆ ಒಡಹುಟ್ಟಿದವರು

ಕನ್ನಡದಲ್ಲಿ ಕಾಯಿಲೆಗೆ ಲಿಂಗದ ತಂಟೆಯಿಲ್ಲ. ಗಂಡಸಿಗೆ ಬರಲಿ, ಹೆಂಗಸಿಗೆ ಬರಲಿ, ಅಲ್ಸರ್ ಅಂದರೆ 'ಅದು'. 'ಉ, ಅನ್ನು, ಇಂದ, ಗೆ, ದೆಸೆಯಿಂದ' ಎಂದು ಏಳು ವಿಭಕ್ತಿ ಬಾಯಿಪಾಠ ಮಾಡಿದವನಿಗೆ ಜರ್ಮನ್ನಿನ ನಾಲ್ಕು ಯಾವ ಲೆಕ್ಕ ಎಂಬ ಧಿಮಾಕಿನಲ್ಲೇ ಇಲ್ಲಿ ಜರ್ಮನಿಯಲ್ಲಿ ವೈದ್ಯರಿಗಿರುವ ಭಾಷಾ ಪರೀಕ್ಷೆಗೆ ತಯಾರಿ ಶುರು ಮಾಡಿದೆ. ಪರೀಕ್ಷೆ 60 ನಿಮಿಷದ್ದು: ರೋಗಿಯ ಜೊತೆ ಮಾತು, ಬರವಣಿಗೆ, ಆಮೇಲೆ ಹಿರಿಯ ವೈದ್ಯರಿಗೆ ವರದಿ.

ವೈದ್ಯರು ತಮ್ಮತಮ್ಮಲ್ಲಿ ಬಳಸುವುದು ಲ್ಯಾಟಿನ್ ಹೆಸರುಗಳನ್ನು, ಅವಕ್ಕೆ ಲಿಂಗ ತೋರಿಸುವ ಜರ್ಮನ್ ಪದವೊಂದು ಮುಂದೆ ಬರಬೇಕು. ಲ್ಯಾಟಿನ್ನಿನ 'ಮುಸ್ಕುಲುಸ್', ಅಂದರೆ ಸ್ನಾಯು, ಪುಲ್ಲಿಂಗ, ಅದಕ್ಕೆ 'ಡೆರ್', ಬಹುವಚನ 'ಮುಸ್ಕುಲಿ'. ಹಾಗಾದರೆ ಹುಣ್ಣಿಗೂ 'ಡೆರ್ ಉಲ್ಕುಸ್', 'ಉಲ್ಟ್ಸಿ' ತಾನೇ? ಬರೆದೇಬಿಟ್ಟೆ.

ತಿದ್ದಲು ಕೂತ ಗೆಳತಿ ಕೆಂಪು ಪೆನ್ನು ತೆಗೆದಳು. "'ಡಾಸ್ ಉಲ್ಕುಸ್'. ನಪುಂಸಕ. ಬಹುವಚನ 'ಉಲ್ಟ್ಸೆರಾ'." ಉಲ್ಟಾ ಹೊಡೆದದ್ದು ನಾನೇ.

"ಮತ್ತೆ ನಾಳಕ್ಕೆ, 'ಡುಕ್ಟುಸ್'ಗೆ?"

"ಅದು ಪುಲ್ಲಿಂಗವೇ. ಬಹುವಚನವೂ 'ಡುಕ್ಟುಸ್'."

ಮೂರಕ್ಕೂ ಒಂದೇ ಬಾಲ, ಕುಲಗೋತ್ರ ಮಾತ್ರ ಬೇರೆ ಬೇರೆ! ಷಷ್ಠಿ ವಿಭಕ್ತಿ ಬಂದಲ್ಲಿ ಜರ್ಮನ್ ಪದ್ಧತಿಯಂತೆ ಉಲ್ಕುಸ್‌ಗೆ ಇನ್ನೊಂದು 'ಸ್' ಅಂಟಿಸಿದ್ದೆ. "ಕೊನೆಯಲ್ಲಿ ಒಂದು ಇದೆಯಲ್ಲ, ಇನ್ನೆಷ್ಟು ಬೇಕು?" ಎಂದು ಅದನ್ನೂ ಹೊಡೆದುಹಾಕಿದಳು. ಅಪೆಂಡಿಕ್ಸ್ ಕಥೆ ಇನ್ನೂ ಚೆಂದ. ಹೊಟ್ಟೆಯೊಳಗಿದ್ದರೆ ವೈದ್ಯರ ಬಾಯಲ್ಲಿ ಹೆಣ್ಣು, ಪುಸ್ತಕದ ಕೊನೆಯ ಅನುಬಂಧವಾದರೆ ಗಂಡು. ವೈರಸ್ಸು ಆಸ್ಪತ್ರೆಯಲ್ಲಿ 'ಡಾಸ್', ಬೀದಿಗೆ ಬಂದರೆ 'ಡೆರ್'. ನನಗೆ ಹಿಡಿಸಿದ್ದು ಸಂಕ್ಷೇಪಾಕ್ಷರ ಒಂದೇ: ಒಂದು ಸ್ನಾಯುವಿಗೆ ಒಂದು 'ಎಂ', ಹಲವು ಸ್ನಾಯುಗಳಿಗೆ ಎರಡು 'ಎಂ'. ನಾವು 'ಮನೆಮನೆಗೆ' ಅಂದಹಾಗೆ.

ಹೇಗೋ ಪಾಸಾಗಿ ವಾರ್ಡಿಗೆ ಬಂದರೆ, ಇಷ್ಟು ಬೆವರಿಳಿಸಿ ಕಲಿತ ಲ್ಯಾಟಿನ್ನನ್ನು ರೋಗಿಯ ಮುಂದೆ ಬಾಯಿಬಿಡುವಂತಿಲ್ಲ. ಅವರಿಗೆ ಡುವೊಡೆನುಮ್ ಅಂದರೆ 'ಹನ್ನೆರಡು ಬೆರಳಿನ ಕರುಳು'. ಡಯಾಬಿಟಿಸ್ ಅಂದರೆ ಸಕ್ಕರೆ ಕಾಯಿಲೆ. ಅಲ್ಲಿ ಮಾತ್ರ ನಮ್ಮೂರಿಗೆ ಹೋದಂತಾಯಿತು. ಹುಣ್ಣು 'ಗೆಷ್ವ್ಯೂರ್'.

ಎಂಡೋಸ್ಕೋಪಿ ಮುಗಿಸಿ ಬಂದ ಅಜ್ಜಿಯೊಬ್ಬರ ಹಾಸಿಗೆಯ ಪಕ್ಕ ನಿಂತು, ಗಂಭೀರವಾಗಿ, "ನಿಮ್ಮ ಹೊಟ್ಟೆಯಲ್ಲಿ ಎರಡು ಗೆಷ್ವಿಸ್ಟರ್ ಇವೆ" ಅಂದೆ.

ಗೆಷ್ವಿಸ್ಟರ್ ಅಂದರೆ ಒಡಹುಟ್ಟಿದವರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಡಾಕ್ಟರೇ, ನನಗೆ ಗೊತ್ತಿರುವುದು ಒಬ್ಬನೇ ತಮ್ಮ. ಅವನು ಹ್ಯಾನೋವರ್‌ನಲ್ಲಿದ್ದಾನೆ."

ನರ್ಸಮ್ಮ ನಗು ತಡೆಯಲಾರದೆ ಹೊರಗೆ ಓಡಿದರು. ನಾನು ಮನಸ್ಸಿನಲ್ಲೇ ವಾಕ್ಯವನ್ನು ಇನ್ನೊಮ್ಮೆ ಪರೀಕ್ಷಿಸಿದೆ. ಹೊಟ್ಟೆಗೆ ಹಾಕಿದ ಚತುರ್ಥಿ ಸರಿಯಿತ್ತು, ಬಹುವಚನವೂ ಸರಿಯಿತ್ತು. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ.