ಕಳ್ಳ ಬರುವ ಮೊದಲೇ ಬ್ಯಾಟರಿ ಖಾಲಿಯಾದರೆ?

ಅಮೆರಿಕದಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಯಂಥ ಗಾಡಿ, ಇಟ್ಟುಕೊಂಡವರ ಪಾಡು ಗೊತ್ತಲ್ಲ. ವರ್ಷಕ್ಕೆ ಕೆಲವು ವಾರ ಓಡಾಟ, ಉಳಿದ ತಿಂಗಳೆಲ್ಲ ಗಾಡಿ ಊರಾಚೆಯ ಸ್ಟೋರೇಜ್ ಲಾಟ್‌ನಲ್ಲಿ. ನಾನು ಇಟ್ಟಿರುವ ಕಡೆ ಪ್ಲಗ್ ಇಲ್ಲ, ವೈಫೈ ಇಲ್ಲ. ಕಳ್ಳರ ಅಲಾರಂ ನಾನೇ ಮಾಡುತ್ತಿದ್ದೇನೆ ಅಂದರೆ "ಸುಮ್ನೆ ಒಂದು ಕ್ಯಾಮೆರಾ ಸಿಕ್ಕಿಸು ಮಾರಾಯ" ಅನ್ನುವವರೇ ಜಾಸ್ತಿ.

ಲೆಕ್ಕ ಹಾಕಿ ನೋಡಿ. ಸದಾ 50 ಮಿಲಿಆಂಪ್ ಎಳೆಯುವ ಅಲಾರಂ ದಿನಕ್ಕೆ 1.2 ಆಂಪ್-ಅವರ್ (ಬ್ಯಾಟರಿಯ ಚಾರ್ಜಿನ ಅಳತೆ) ತಿನ್ನುತ್ತದೆ. ಗಾಡಿಯ 100 ಆಂಪ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ವಾ? ಅಲ್ಲಿಗೆ ಆರು ವಾರದೊಳಗೆ ಕಥೆ ಮುಗಿಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಅಲಾರಂ ಏನೇನು ಮಾಡುತ್ತದೆ ಅನ್ನೋದು ಆಮೇಲೆ, ಏನೂ ಮಾಡದೆ ಕೂತಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನೋದನ್ನು ಮೊದಲು ಕೇಳಬೇಕು. ಡಬ್ಬದ ಮೇಲೆ ದೊಡ್ಡದಾಗಿ 'ಲೋ ಪವರ್' ಅಂತ ಹಾಕಿ, ಆ ಒಂದು ಅಂಕಿ ಮಾತ್ರ ಎಲ್ಲೂ ಬರೆಯದವರ ಮಾಲು ನನಗೆ ಬೇಡ. ಇಂಥ ಬ್ಯಾಟರಿ ಸುಮ್ಮನೆ ಇಟ್ಟರೂ ತಿಂಗಳಿಗೆ ನಾಲ್ಕು ಆಂಪ್-ಅವರ್‌ನಷ್ಟು ತಾನಾಗಿಯೇ ಇಳಿಯುತ್ತದೆ, ಅಂದರೆ ಸದಾ ಐದೂವರೆ ಮಿಲಿಆಂಪ್ ಸೋರಿದ ಲೆಕ್ಕ. ಆ ಸೋರಿಕೆಯ ಮುಂದೆ ಲೆಕ್ಕಕ್ಕೇ ಬಾರದಂತೆ ನನ್ನ ಅಲಾರಂ ಒಂದು ಮಿಲಿಆಂಪ್ ದಾಟಬಾರದು.

ಅಲಾರಂ ನಡೆಸುವ ಚಿಪ್‌ನಲ್ಲಿ ತೊಂದರೆ ಇಲ್ಲ. ಇಎಸ್‌ಪಿ32 ಅನ್ನುವ ಆ ಪುಟ್ಟ ಕಂಪ್ಯೂಟರ್ ಚಿಪ್ ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪ್ ಸಾಕು ಅನ್ನುತ್ತದೆ. ಅದನ್ನು ಕೂರಿಸಿದ ಅಗ್ಗದ ಬೋರ್ಡ್ ನೋಡಿ: ಸದಾ ಉರಿಯುವ ಕೆಂಪು ಎಲ್‌ಇಡಿ, ಪಕ್ಕದಲ್ಲಿ ವೋಲ್ಟೇಜ್ ಇಳಿಸಿ ಕೊಡುವ, ತಾನೇ ಕೆಲವು ಮಿಲಿಆಂಪ್ ನುಂಗುವ ರೆಗ್ಯುಲೇಟರ್. ಎರಡನ್ನೂ ಕಿತ್ತು, ಕಡಿಮೆ ಕುಡಿಯುವ ರೆಗ್ಯುಲೇಟರ್ ಹಾಕಿದೆ.

ಬಾಗಿಲಿನ ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ರೀಡ್ ಸ್ವಿಚ್‌ಗೆ ಕರೆಂಟೇ ಬೇಡ ಅಂತಾರೆ. ಆದರೆ ಬಾಗಿಲು ಮುಚ್ಚಿರುವಷ್ಟು ಹೊತ್ತೂ ಸ್ವಿಚ್ ಕೂಡಿರುತ್ತದೆ, ಸ್ವಿಚ್‌ಗೆ ವೋಲ್ಟೇಜ್ ತಲುಪಿಸುವ ಪುಲ್-ಅಪ್ ರೆಸಿಸ್ಟರ್ ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. 3.3 ವೋಲ್ಟ್‌ನಲ್ಲಿ 10 ಕಿಲೋ ಓಮ್ ಹಾಕಿದರೆ 330 ಮೈಕ್ರೋಆಂಪ್, ಒಂದು ಮೆಗಾ ಓಮ್ ಹಾಕಿದರೆ ಬರೀ 3.3. ಕೆಲವೇ ಪೈಸೆಯ ರೆಸಿಸ್ಟರ್!

ಒಳಗೆ, ಮೈಬಿಸಿ ನೋಡಿ ಮನುಷ್ಯರನ್ನು ಹಿಡಿಯುವ ಪಿಐಆರ್ ಸೆನ್ಸರ್ ಬೇಡವೇ ಬೇಡ. ಅರಿಜೋನಾದ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯ ಒಳಗಿನ ಬಿಸಿ ಮೈಬಿಸಿಯನ್ನೇ ಮೀರಿಸುತ್ತದೆ, ಮನುಷ್ಯ ಯಾರು ಗೋಡೆ ಯಾವುದು ಅಂತ ಅದಕ್ಕೆ ತಿಳಿಯುವುದು ಕಷ್ಟ. ಅಲುಗಾಟ ಹಿಡಿಯಲು ಎಡಿಎಕ್ಸ್‌ಎಲ್362 ಅನ್ನುವ ಸೆನ್ಸರ್ ಚಿಪ್ ಇದೆ, ಕಾಯುವಾಗ 270 ನ್ಯಾನೋಆಂಪ್ ಅಷ್ಟೇ. ಹೊಗೆ ಕೊಳವೆಯ ದುಬಾರಿ ಭಾಗವಾದ ಕೆಟಲಿಟಿಕ್ ಕನ್ವರ್ಟರ್ ಕೊಯ್ಯಲು ಗಾಡಿಯ ಕೆಳಗೆ ನುಗ್ಗುವವರಿಗೂ ಇದೇ ಮದ್ದು. ಮೋಟರ್‌ಹೋಮ್ ಎತ್ತರಕ್ಕೆ ಇರುತ್ತದಲ್ಲ, ಜ್ಯಾಕೂ ಬೇಕಿಲ್ಲ ಅವರಿಗೆ.

ನನಗೆ ಸುದ್ದಿ ಕಳಿಸುವ ಮೋಡೆಮ್‌ಗೆ ದಿನಕ್ಕೆ ಒಂದೇ ಸಲ ಎಚ್ಚರ, "ಇದ್ದೀನಿ" ಅಂತ ಒಂದು ಮೆಸೇಜ್. ಬರಲಿಲ್ಲ ಅಂದರೆ ಅದೇ ಅಲಾರಂ.

ಇನ್ನೊಂದು ಗಾಡಿಗೆ ಕಟ್ಟಿ ಎಳೆಯುವ ಟ್ರಾವೆಲ್ ಟ್ರೇಲರ್ ಇರುವವರು ಇನ್ನೊಂದು ನೋಡಿಕೊಳ್ಳಿ. ಬಹಳಷ್ಟು ಟ್ರೇಲರ್‌ಗಳಲ್ಲಿ ಬ್ಯಾಟರಿ ಹೊರಗೆ, ಮುಂದಿನ ಕೊಂಡಿಯ ಹತ್ತಿರವೇ ಕೂತಿರುತ್ತದೆ. ಒಂದು ಸ್ಪ್ಯಾನರ್ ಇದ್ದರೆ ಸಾಕು, ಅಲಾರಂ ಢಮಾರ್. ಸೈರನ್‌ಗೆ ಒಳಗೆ ಬೇರೆಯದೇ ಸಣ್ಣ ಬ್ಯಾಟರಿ ಇಡಿ.